ವಾಸನೆಯಿಲ್ಲದ ರೋಸ್‌ಮರಿ

ನನ್ನ ಅಕ್ಕ ಹತ್ತೊಂಬತ್ತು ವರ್ಷ ಸಾಬೂನಿನ ಕಾರ್ಖಾನೆಯೊಂದರಲ್ಲಿ ಮೂಸುವ ಕೆಲಸ ಮಾಡಿದಳು. ನೇಮಕಾತಿಯ ಪತ್ರದಲ್ಲಿ ಆ ಕೆಲಸಕ್ಕೆ ಗುಣಮಟ್ಟ, ಪರೀಕ್ಷೆ, ಸಹಾಯಕಿ ಎಂಬ ಮೂರು ಪದಗಳನ್ನು ಜೋಡಿಸಿದ ಗಂಭೀರವಾದ ಹೆಸರಿತ್ತು. ಆದರೆ ಬೆಳಗಿನಿಂದ ಸಂಜೆಯವರೆಗೆ ಅವಳು ಮಾಡುತ್ತಿದ್ದುದು ಮೂಸುವುದನ್ನೇ. ಕಾರ್ಖಾನೆಯವರು ಅವಳನ್ನು ‘ಮೂಗಿನ ಮೇಡಂ’ ಎಂದು ಕರೆಯುತ್ತಿದ್ದರು. ಅವಳಿಗೆ ಅದರಲ್ಲಿ ಅವಮಾನವೇನೂ ಕಾಣುತ್ತಿರಲಿಲ್ಲ. ಕೈಯಿಂದ ದುಡಿಯುವವರು ಕೈಯನ್ನು ನೋಡಿಕೊಳ್ಳುವಂತೆ ತಾನು ಮೂಗನ್ನು ನೋಡಿಕೊಳ್ಳಬೇಕು, ಅಷ್ಟೇ ಎನ್ನುತ್ತಿದ್ದಳು. ಕೆಲಸದ ದಿನಗಳಲ್ಲಿ ತಲೆಗೆ ಎಣ್ಣೆ ಹಚ್ಚುತ್ತಿರಲಿಲ್ಲ, ಹೂ ಮುಡಿಯುತ್ತಿರಲಿಲ್ಲ, ಊಟದಲ್ಲಿ ಹಸಿ ಈರುಳ್ಳಿ ಮುಟ್ಟುತ್ತಿರಲಿಲ್ಲ.

ಮೊದಲ ಮಹಡಿಯ ಕೊನೆಯಲ್ಲಿದ್ದ ಆ ಕೋಣೆಗೆ ಒಮ್ಮೆ ನಾನೂ ಹೋಗಿದ್ದೆ. ಬಿಳಿ ಟೈಲ್ಸಿನ ಗೋಡೆ, ಪರದೆಯಿಲ್ಲದ ಕಿಟಕಿ, ನಾಲ್ಕು ಕಬ್ಬಿಣದ ಕುರ್ಚಿ. ಬಟ್ಟೆ ಮತ್ತು ಮರ ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತವೆಂದು ಅವೆರಡೂ ಅಲ್ಲಿ ಇರಲಿಲ್ಲ. ಹೊಸ ಬ್ಯಾಚಿನ ಸುಗಂಧ ಬಂದಾಗಲೆಲ್ಲ ಬೆರಳಗಲದ ಮೂರು ಕಾಗದದ ಪಟ್ಟಿಗಳನ್ನು ಅದ್ದಿ ಕೊಡುತ್ತಿದ್ದರು. ಎರಡರಲ್ಲಿ ಹಳೆಯ ಬ್ಯಾಚಿನ ವಾಸನೆ, ಮೂರನೆಯದರಲ್ಲಿ ಹೊಸದರದು. ಬೇರೆಯದು ಯಾವುದೆಂದು ಹೇಳಬೇಕು. ಹೇಳಲಾಗದಿದ್ದರೆ ಹೊಸ ಬ್ಯಾಚು ಹಳೆಯದರಂತೆಯೇ ಇದೆಯೆಂದು ಅರ್ಥ; ಸಾಬೂನು ಮುಂದಕ್ಕೆ ಹೋಗುತ್ತದೆ. ಇಷ್ಟು ಸರಳವೂ ಇಷ್ಟು ಪ್ರಾಮಾಣಿಕವೂ ಆದ ಪರೀಕ್ಷೆಯನ್ನು ನಾನು ವಿಜ್ಞಾನದ ಪುಸ್ತಕಗಳಲ್ಲೂ ಹೆಚ್ಚು ಕಂಡಿಲ್ಲ. ಚೆನ್ನಾಗಿದೆಯೇ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಐದು ದಿನದ ಒಂದು ನೆಗಡಿ ಜ್ವರ ಬಂದು ಹೋಯಿತು. ಆರನೆಯ ದಿನ ಅಕ್ಕ ಕೆಲಸಕ್ಕೆ ಹೋಗಿ ತನ್ನ ಕುರ್ಚಿಯಲ್ಲಿ ಕೂತು ಪಟ್ಟಿಗಳನ್ನು ಒಂದೊಂದಾಗಿ ಮೂಗಿಗೆ ಹಿಡಿದಳು. ಮೂರೂ ಬರಿ ಕಾಗದ. ಎರಡನೆಯ ಸೆಟ್ಟನ್ನು ತರಿಸಿಕೊಂಡಳು, ಅದೂ ಕಾಗದ. ಅವಳು ಎದ್ದು ಮುಖ್ಯ ರಸಾಯನಜ್ಞರ ಮೇಜಿನ ಬಳಿ ಹೋಗಿ, ಇವತ್ತು ತಾನು ಮೂಸಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದೆಂದು ಹೇಳಿದಳು. ಊಹೆಯ ಮೇಲೆ ಕೆಲವು ದಿನ ದೂಡಬಹುದಿತ್ತು. ಮೂರರಲ್ಲಿ ಒಂದು ಸಲ ಊಹೆಯೂ ಸರಿಯಾಗುತ್ತದೆ. ಅವಳು ಹಾಗೆ ಮಾಡಲಿಲ್ಲ.

ಆ ವಾರವೇ ಅವಳನ್ನು ಪ್ಯಾಕಿಂಗ್ ವಿಭಾಗಕ್ಕೆ ಕಳುಹಿಸಿದರು. ಅಲ್ಲಿ ಪೊಟ್ಟಣದ ಮೇಲಿನ ಚೀಟಿ ಸೊಟ್ಟಗಿದೆಯೇ ನೇರವಾಗಿದೆಯೇ ಎಂದು ನೋಡುವ ಕೆಲಸ. ಕಾರ್ಖಾನೆಯ ನಿಯಮದಂತೆ, ಕಾಯಿಲೆಯಿಂದ ಮೂಗು ಕಳೆದುಕೊಂಡವರಿಗೆ ಹದಿನೆಂಟು ತಿಂಗಳ ಕೊನೆಯಲ್ಲಿ ಒಂದೇ ಒಂದು ಮರುಪರೀಕ್ಷೆ: ಹನ್ನೆರಡು ಸೆಟ್ ಪಟ್ಟಿಗಳಲ್ಲಿ ಕನಿಷ್ಠ ಎಂಟು ಸರಿಯಾಗಬೇಕು. ಎಂಟಾದರೆ ಕುರ್ಚಿ ಮರಳಿ ಸಿಗುತ್ತದೆ, ಆಗದಿದ್ದರೆ ಪ್ಯಾಕಿಂಗೇ ಕಾಯಂ. ಅಕ್ಕನಿಗೆ ಬೇಕಾಗಿದ್ದು ಆ ಕಬ್ಬಿಣದ ಕುರ್ಚಿ. ಮನೆಯಲ್ಲಿ ಎಲ್ಲರಿಗೂ ಅದು ಗೊತ್ತಿತ್ತು.

ಕಿವಿ ಮೂಗು ಗಂಟಲಿನ ವೈದ್ಯರು ಔಷಧವೇನೂ ಇಲ್ಲವೆಂದು ನೇರವಾಗಿ ಹೇಳಿದರು. ವಾಸನೆಯ ನರಗಳ ತುದಿ ಮತ್ತೆ ಚಿಗುರಬಹುದು, ಚಿಗುರದೆಯೂ ಇರಬಹುದು. ನಾಲ್ಕು ಬಗೆಯ ವಾಸನೆಗಳನ್ನು ಬೆಳಿಗ್ಗೆ ಸಂಜೆ, ಮನಸ್ಸಿಟ್ಟು, ತಿಂಗಳುಗಟ್ಟಲೆ ಮೂಸುವ ಅಭ್ಯಾಸದಿಂದ ಕೆಲವರಿಗೆ ಅನುಕೂಲವಾಗಿದೆ. ನಾನು ಮನೆಗೆ ಬಂದು ಸಿಕ್ಕಿದ್ದನ್ನೆಲ್ಲ ಓದಿದೆ. ವೈದ್ಯರು ಇದ್ದುದಕ್ಕಿಂತ ಹೆಚ್ಚೇನೂ ಹೇಳಿರಲಿಲ್ಲ. ಪುರಾವೆ ಇತ್ತು, ಆದರೆ ಬಡಕಲು ಪುರಾವೆ.

ಸುಗಂಧ ತೈಲದ ನಾಲ್ಕು ಸೀಸೆಗಳನ್ನು ತಂದುಕೊಟ್ಟರೆ ಮುಗಿಯಿತೆಂದು ನಾನು ಭಾವಿಸಿದ್ದೆ. ಅಕ್ಕ ಒಪ್ಪಲಿಲ್ಲ. ಕರ್ಪೂರವನ್ನೋ ನೀಲಗಿರಿ ಎಣ್ಣೆಯನ್ನೋ ಮೂಗಿಗೆ ಹಿಡಿದರೆ ವಾಸನೆ ತಿಳಿಯದವರಿಗೂ ತಣ್ಣಗೆ ಚುರುಕೆನ್ನುತ್ತದೆ. ಆ ಚುರುಕು ಬೇರೊಂದು ನರದ ಕೆಲಸ, ವಾಸನೆಯದಲ್ಲ. ಸೀಸೆಯ ಚೀಟಿಯನ್ನು ಓದಿದ ಮನಸ್ಸು ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಹೀಗೆ ಎರಡು ಕಡೆಯಿಂದ ಮೋಸ ಹೋಗುವುದಕ್ಕಿಂತ ಜೀವಂತ ಎಲೆಯೇ ವಾಸಿ ಎಂಬುದು ಅವಳ ವಾದ. ಎಲೆಯಲ್ಲಿ ತೈಲ ಅಳತೆಯಲ್ಲಿರುತ್ತದೆ, ಚುಚ್ಚುವುದಿಲ್ಲ, ದಿನಕ್ಕೊಂದು ತೆರನಾಗಿರುತ್ತದೆ. ನಾನು ಸೀಸೆಯ ಮಾತು ಬಿಟ್ಟೆ.

ಅಡುಗೆಮನೆಯ ಬಾಗಿಲಿಗೂ ಹಿಂದಿನ ಗೋಡೆಗೂ ನಡುವೆ ಏಳು ಹೆಜ್ಜೆ ಉದ್ದ, ಎರಡು ಹೆಜ್ಜೆ ಅಗಲದ ಜಾಗವಿತ್ತು. ಬೆಳಿಗ್ಗೆಯಿಂದ ಮಧ್ಯಾಹ್ನ ಮೂರರವರೆಗೆ ಅಲ್ಲಿ ಬಿಸಿಲು. ಅದನ್ನು ಅಳೆದುಕೊಂಡು ಅಕ್ಕ ರೋಸ್‌ಮರಿ, ಲ್ಯಾವೆಂಡರ್‌ನಂಥ ಪರಿಮಳದ ಎಲೆಗಿಡಗಳನ್ನು ಹುಡುಕಿಕೊಂಡು ನರ್ಸರಿಗೆ ಹೋದಳು. ಚೀಲ ಹೊರಲು ನಾನೂ ಹೋದೆ. ನರ್ಸರಿಯವನು ಗಿಡ ಮಾರುವುದಕ್ಕಿಂತ ಗಿರಾಕಿಯನ್ನು ಪರೀಕ್ಷಿಸುವುದರಲ್ಲೇ ಹೆಚ್ಚು ಆಸಕ್ತಿಯುಳ್ಳವನು. ಅವನ ಮೊದಲ ಪ್ರಶ್ನೆ ಬಿಸಿಲಿನ ಬಗ್ಗೆಯೂ ಅಲ್ಲ, ಮಣ್ಣಿನ ಬಗ್ಗೆಯೂ ಅಲ್ಲ.

“ನಿಮ್ಮನೇಲಿ ಗಿಡಕ್ಕೆ ನೀರು ಹಾಕೋರು ಎಷ್ಟು ಜನ?”

“ನಾನೊಬ್ಳೇ,” ಎಂದಳು ಅಕ್ಕ.

“ಹಾಗಾದ್ರೆ ಕೊಡ್ತೀನಿ. ಇಬ್ರಿದ್ರೆ ಕೊಡಲ್ಲ.”

ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಕಲ್ಲುಗುಡ್ಡಗಳಲ್ಲಿ ಹುಟ್ಟಿದ ಈ ಗಿಡಗಳಿಗೆ ಬೇಸಿಗೆಯೆಂದರೆ ಉಪವಾಸ, ಚಳಿಗಾಲವೆಂದರೆ ಮಳೆ. ನಮ್ಮಲ್ಲಿ ಸೆಕೆಯೂ ಮಳೆಯೂ ಕೈಕೈ ಹಿಡಿದುಕೊಂಡು ಬರುತ್ತವೆ. ಬೆಚ್ಚಗೆ ನೆನೆದ ಬೇರು ಕೊಳೆಯುತ್ತದೆ. ಇಲ್ಲಿ ಈ ಗಿಡಗಳು ಸಾಯುವುದು ಬಾಯಾರಿಕೆಯಿಂದಲ್ಲ, ಉಪಚಾರದಿಂದ ಎಂದು ಅವನು ವಿವರಿಸಿದ. ಒಂದು ವರ್ಷ ಹೂಬಿಟ್ಟು ಹೋಗುವ ಜಾತಿಯಲ್ಲ ಇವು. ಬುಡ ಮರವಾಗಿ ಹತ್ತು ವರ್ಷ ನಿಲ್ಲುವಂಥವು. ಆದ್ದರಿಂದ ಆರಿಸುವಾಗಲೇ ಹುಷಾರಾಗಿರಬೇಕು. ಹೂ ತುಂಬಿದ್ದನ್ನು ಬಿಡಿ, ಕುಂಡದಿಂದ ಬಿಡಿಸಿ ಬೇರು ನೋಡಿ, ಬೇರು ಬೆಳ್ಳಗಿರಬೇಕು, ಕುಂಡದೊಳಗೆ ಸುತ್ತು ಹೊಡೆದಿರಬಾರದು ಎಂದ. ಅಕ್ಕ ಎಲ್ಲಕ್ಕಿಂತ ಸೊಂಪಾಗಿದ್ದ ಒಂದು ಗಿಡಕ್ಕೆ ಕೈ ಚಾಚಿದಾಗ ಅವನು ಮೆಲ್ಲಗೆ ಅವಳ ಕೈಯನ್ನು ಪಕ್ಕಕ್ಕೆ ಸರಿಸಿ, ಗೆಣ್ಣು ಹತ್ತಿರ ಹತ್ತಿರವಿದ್ದ, ಬೂದುಬಣ್ಣದ, ಸಣಕಲಾದ ಇನ್ನೊಂದನ್ನು ಎತ್ತಿ ಕೊಟ್ಟ.

ನಾಲ್ಕು ಗಿಡ ಬಂದವು. ನೆಟ್ಟಗೆ ಬೆಳೆಯುವ ರೋಸ್‌ಮರಿ, ಓಮದ ವಾಸನೆಯ ತೈಮ್, ಬೂದು ಎಲೆಯ ಸೇಜ್ ಮತ್ತು ಲ್ಯಾವೆಂಡರ್. ಲ್ಯಾವೆಂಡರ್‌ನಲ್ಲಿ ನಯವಾದ ಎಲೆಯದು ನಮ್ಮ ಸೆಕೆಗೆ ಬಾಳುವುದಿಲ್ಲವೆಂದು ಅಂಚು ಗರಗಸದಂತಿರುವುದನ್ನೇ ಕೊಟ್ಟಿದ್ದ. ಅವನು ಹೇಳಿದಂತೆ ಅಕ್ಕ ಪಾತಿಯನ್ನು ಒಂದಡಿ ಎತ್ತರಿಸಿ, ಅರ್ಧ ಮಣ್ಣು, ಅರ್ಧ ದಪ್ಪ ಮರಳು ಮತ್ತು ಇಟ್ಟಿಗೆ ಚೂರು ಬೆರೆಸಿ, ಬುಡದ ಸುತ್ತ ಜಲ್ಲಿ ಹರಡಿದಳು. ಗೊಬ್ಬರ ಇಲ್ಲ. ಭಾನುವಾರ ಸಂಜೆ ಜಲ್ಲಿ ಸರಿಸಿ ಎರಡು ಗೆಣ್ಣಿನಷ್ಟು ಬೆರಳು ಇಳಿಸಿ ನೋಡುವುದು. ಒಣಗಿದ್ದರೆ ಮಾತ್ರ ನೀರು.

ಮನೆಯಲ್ಲಿ ಅಕ್ಕನ ಜೊತೆ ಇದ್ದವರು ಇಬ್ಬರು. ಭಾವ ಲಿಫ್ಟ್ ರಿಪೇರಿ ಮಾಡುವವರು. ಜಗತ್ತಿನ ಯಾವ ತೊಂದರೆಯಾದರೂ ಒಂದು ತೊಟ್ಟು ಎಣ್ಣೆಯಿಂದ ಅರ್ಧ ಬಗೆಹರಿಯುತ್ತದೆಂದು ನಂಬಿದವರು. ಇನ್ನೊಬ್ಬರು ಅಕ್ಕನ ಅತ್ತೆ. ಎಪ್ಪತ್ತು ದಾಟಿದ ಆಕೆ ಐವತ್ತು ವರ್ಷ ಮನೆಗೆ ಬೇಕಾದ ತರಕಾರಿಯನ್ನು ಹಿತ್ತಲಲ್ಲೇ ಬೆಳೆದವರು. ಆ ಪಾತಿಯನ್ನು ಕಂಡ ದಿನವೇ ಅವರು ಪಕ್ಕದ ಮನೆಯಾಕೆಗೆ ಗೋಡೆಯ ಮೇಲಿನಿಂದ, ನನ್ನ ಸೊಸೆ ಗಿಡಗಳಿಗೆ ಕಲ್ಲು ಬಡಿಸಿ ಕೂರಿಸಿದ್ದಾಳೆ ಎಂದು ವರದಿ ಒಪ್ಪಿಸಿದರು.

ಮುಂದೆ ನಡೆದದ್ದನ್ನು ನಾವು ಬಹಳ ತಡವಾಗಿ ಜೋಡಿಸಿಕೊಂಡೆವು. ಅತ್ತೆಗೆ ಗಿಡಗಳ ಬಡಕಲು ರೂಪವನ್ನು ನೋಡಲಾಗಲಿಲ್ಲ. ಸೊಸೆ ಏಳೂವರೆಗೆ ಕೆಲಸಕ್ಕೆ ಹೊರಟ ಮೇಲೆ ತರಕಾರಿ ತೊಳೆದ ನೀರನ್ನು ಪಾತಿಗೆ ಸುರಿಯತೊಡಗಿದರು. ಹದಿನೈದು ದಿನಕ್ಕೊಮ್ಮೆ ಕೊಟ್ಟಿಗೆ ಗೊಬ್ಬರ ಕದಡಿದ ನೀರು. ಭಾವನಿಗೆ ಹೆಂಡತಿಯ ಮುಖವನ್ನು ನೋಡಲಾಗಲಿಲ್ಲ. ಗಿಡ ಬೇಗ ಬೆಳೆದರೆ ಮೂಗೂ ಬೇಗ ಬಂದೀತೆಂಬ ಅಸ್ಪಷ್ಟ ಲೆಕ್ಕದಲ್ಲಿ ಅವರು ಆರು ಗಂಟೆಗೇ ಎದ್ದು ಒಂದು ಬಕೆಟ್ ಹಾಕುತ್ತಿದ್ದರು. ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದು. ಭಾನುವಾರ ಅಕ್ಕ ಮನೆಯಲ್ಲಿರುತ್ತಾಳೆಂದು ಇಬ್ಬರೂ ಆ ದಿನ ರಜೆ ಹಾಕುತ್ತಿದ್ದರು. ಮರಳು ಮಣ್ಣು ಒಂದು ಹಗಲಿನಲ್ಲಿ ಆರುತ್ತದೆ. ಸಂಜೆ ಅಕ್ಕ ಬೆರಳಿಳಿಸಿ ನೋಡಿದರೆ ಮೇಲೆ ಒಣ. ತನ್ನ ಪಾಲಿನ ನೀರನ್ನು ಅವಳೂ ಹಾಕುತ್ತಿದ್ದಳು.

ಮೊದಲ ಮಳೆಗೆ ಸೇಜ್ ಬುಡದಲ್ಲೇ ಕೊಳೆತು ಬಾಗಿತು. ಅಕ್ಕ ಮನೆಗೆ ಬರುವುದರೊಳಗೆ ಭಾವ ಅದನ್ನು ಕಿತ್ತು, ಲಿಫ್ಟಿನ ಬಾಗಿಲು ಅಳೆಯುವ ಟೇಪಿನಿಂದ ಅಳತೆ ತೆಗೆದುಕೊಂಡು, ಬೇರೊಂದು ನರ್ಸರಿಯಿಂದ ಅಂಗುಲಕ್ಕೆ ಅಂಗುಲ ಸರಿಹೋಗುವ ಇನ್ನೊಂದನ್ನು ತಂದು ನೆಟ್ಟರು. ಇದು ಅತ್ತೆಗೂ ಗೊತ್ತಾಗಲಿಲ್ಲ. ಉಳಿದವು ಮಾತ್ರ ಜಲ್ಲಿಯ ದಯೆಯಿಂದ ಬದುಕಿದವು. ಬದುಕಿದ್ದಷ್ಟೇ ಅಲ್ಲ, ಬೀಗಿದವು. ರೋಸ್‌ಮರಿ ಅಡುಗೆಮನೆಯ ಕಿಟಕಿಗೆ ಬಂತು. ಎಲೆಗಳು ಅಗಲವಾಗಿ, ಮೆತ್ತಗೆ, ಕಡುಹಸಿರಾಗಿ, ಗೆಣ್ಣಿಗೊಂದು ಬೆರಳು ದೂರದಲ್ಲಿ ಬಂದವು. ನೋಡಿದವರೆಲ್ಲ ಹೊಗಳಿದರು.

ಅಕ್ಕ ಬೆಳಿಗ್ಗೆ ಸಂಜೆ ನಾಲ್ಕೂ ಗಿಡಗಳ ಎಲೆ ಕಿತ್ತು, ಹೊಸಕಿ, ಕಣ್ಣು ಮುಚ್ಚಿ, ಒಂದೊಂದನ್ನೂ ಇಪ್ಪತ್ತು ಎಣಿಸುವವರೆಗೆ ಮೂಸುತ್ತಿದ್ದಳು. ಆಮೇಲೆ ಹತ್ತಿರ ಇದ್ದವರಿಗೆ ಎಲೆ ಚಾಚಿ, ಹೇಗಿದೆ ಎಂದು ಕೇಳುತ್ತಿದ್ದಳು. ಮೊದಲ ಕೆಲವು ವಾರ ಎಲೆಯಲ್ಲಿ ನಿಜವಾಗಿಯೂ ವಾಸನೆಯಿತ್ತು. ಘಮ್ಮೆನ್ನುತ್ತಿದೆ ಎಂದು ಎಲ್ಲರೂ ನಿಜವನ್ನೇ ಹೇಳಿದರು. ಅದು ಯಾವಾಗ ಕಡಿಮೆಯಾಯಿತೋ ಯಾರೂ ಗಮನಿಸಲಿಲ್ಲ. ಗಮನಿಸುವ ಹೊತ್ತಿಗೆ ಪ್ರಶ್ನೆಯೂ ಉತ್ತರವೂ ಊಟ ಆಯಿತೇ ಎಂಬಂಥ ಮಾತಾಗಿಬಿಟ್ಟಿದ್ದವು. ಮೂಗಿಲ್ಲದವಳ ಮುಂದೆ, ನಿನ್ನ ಗಿಡದಲ್ಲಿ ವಾಸನೆಯೂ ಇಲ್ಲ ಎಂದು ಹೇಳುವ ಬಾಯಿ ಯಾರಿಗಿದೆ? ತಿಂಗಳಿಗೊಮ್ಮೆ ಹೋಗುತ್ತಿದ್ದ ನನ್ನ ಕೈಗೂ ಒಂದು ಭಾನುವಾರ ರೋಸ್‌ಮರಿ ಬಂತು. ಎಳೆಯ ಹುಲ್ಲಿನ ವಾಸನೆ, ಅದರಾಚೆ ಎಲ್ಲೋ ಒಂದು ಎಳೆಯಷ್ಟು ಕರ್ಪೂರ. ಚೆನ್ನಾಗಿದೆ ಎಂದೆ.

ಕಾರಣ ಸರಳ. ಈ ಗಿಡಗಳ ವಾಸನೆಯಿರುವುದು ಎಲೆಯ ಮೇಲಿನ ಸಣ್ಣ ರೋಮಗಳ ತುದಿಯ ತೈಲದಲ್ಲಿ. ನೀರೂ ಗೊಬ್ಬರವೂ ಧಾರಾಳವಾದಾಗ ಎಲೆ ಬೇಗ ಹಿಗ್ಗುತ್ತದೆ, ತೈಲ ಅದೇ ವೇಗದಲ್ಲಿ ಹಿಗ್ಗುವುದಿಲ್ಲ. ಪ್ರಯೋಗಗಳ ಫಲಿತಾಂಶ ಎಲ್ಲ ಜಾತಿಗಳಿಗೂ ಒಂದೇ ಇಲ್ಲವೆಂಬುದನ್ನೂ ಹೇಳಬೇಕು. ಕೆಲವುಗಳಲ್ಲಿ ಗಿಡದ ಒಟ್ಟು ತೈಲ ಹೆಚ್ಚುತ್ತದೆ, ಎಲೆಯೊಂದರಲ್ಲಿ ಮಾತ್ರ ತೆಳುವಾಗುತ್ತದೆ. ಅಕ್ಕ ಮೂಸುತ್ತಿದ್ದುದು ಎಲೆಯೊಂದನ್ನು.

ಹೀಗೆ ಹತ್ತು ತಿಂಗಳು. ಅವಳ ಮೂಗು ಒಂದಿಷ್ಟೂ ಅಲುಗಲಿಲ್ಲ. ಘಮ್ಮೆನ್ನುವ ಎಲೆಗಳನ್ನು ಇಷ್ಟು ದಿನ ಮೂಸಿಯೂ ಏನೂ ಆಗದಿದ್ದರೆ ನರ ಸತ್ತೇ ಹೋಗಿದೆಯೆಂದು ಅವಳು ತೀರ್ಮಾನಿಸಿದಳು. ಕೊಟ್ಟ ಮಾಹಿತಿಗೆ ಆ ತೀರ್ಮಾನ ಸರಿಯಾಗಿಯೇ ಇತ್ತು. ಪರೀಕ್ಷೆಗೆ ಇನ್ನೂ ಆರು ತಿಂಗಳಿದ್ದರೂ, ಕುರ್ಚಿಯ ಹಕ್ಕನ್ನು ಬಿಟ್ಟು ಪ್ಯಾಕಿಂಗಿನಲ್ಲಿ ಕಾಯಂ ಆಗುವ ಅರ್ಜಿಯನ್ನು ತರಿಸಿಕೊಂಡಳು.

ಅರ್ಜಿಯನ್ನು ತಂದವಳು ಆ ಬಿಳಿಕೋಣೆಯಲ್ಲಿ ಹದಿಮೂರು ವರ್ಷ ಅಕ್ಕನ ಪಕ್ಕದ ಕುರ್ಚಿಯಲ್ಲಿ ಕೂತಿದ್ದವಳು. ಸ್ವಲ್ಪ ಹರಿತ ನಾಲಿಗೆ. ಅವತ್ತು ನಾನೂ ಇದ್ದೆ. ಅವಳು ಕೈ ತೊಳೆಯಲು ಹಿತ್ತಲಿನ ನಲ್ಲಿಗೆ ಹೋಗಿ, ಬರುವಾಗ ರೋಸ್‌ಮರಿಯ ತುದಿಯನ್ನು ಕಿತ್ತು ಹೊಸಕಿ, ಮೂಸುವ ಕೆಲಸದವರು ಹಿಡಿಯುವ ಹಾಗೆ ಮೂಗಿನಿಂದ ಎರಡು ಬೆರಳು ದೂರದಲ್ಲಿ ಹಿಡಿದಳು. ಮತ್ತೆ ಹೊಸಕಿದಳು.

“ಇದು ರೋಸ್‌ಮರಿ ತಾನೇ?”

“ಹೌದು. ಯಾಕೆ?” ಎಂದಳು ಅಕ್ಕ.

“ನೋಡೋಕೇನೋ ಹಾಗೇ ಇದೆ. ಒಳಗೆ ಏನೂ ಇಲ್ವಲ್ಲೇ. ಹುಲ್ಲು ಮೂಸಿದ ಹಾಗಿದೆ.”

ಅಡುಗೆಮನೆಯಲ್ಲಿದ್ದ ನಾವು ಮೂವರೂ ಒಮ್ಮೆಗೇ ಬೇರೆ ಬೇರೆ ದಿಕ್ಕಿಗೆ ನೋಡಿದೆವು. ಅಕ್ಕ ನಮ್ಮನ್ನು ನೋಡಿದಳು. ಹತ್ತೊಂಬತ್ತು ವರ್ಷ ಬೇರೆಯದು ಯಾವುದೆಂದು ಹುಡುಕಿದವಳಿಗೆ ಅಷ್ಟು ಸಾಕಾಯಿತು. ಅವಳು ಏನೂ ಕೇಳದೆ ಹೊರಗೆ ಹೋಗಿ ನಾಲ್ಕೂ ಗಿಡಗಳ ಎಲೆ ತಂದು, ತೆಳುಬಟ್ಟೆಯಲ್ಲಿ ಮೂರು ಮೂರು ಗಂಟು ಕಟ್ಟಿ, ಮೇಜಿನ ಮೇಲೆ ಸಾಲಾಗಿಟ್ಟು, ಬೇರೆಯದನ್ನು ಹೇಳಿ ಎಂದಳು. ಅಂಥ ಆರು ಸಾಲು. ಭಾವ ಎರಡು ಸರಿ ಹೇಳಿದರು, ನಾನು ಎರಡು, ಅತ್ತೆ ಮೂರು. ಕಣ್ಣು ಮುಚ್ಚಿ ಬೆರಳಿಟ್ಟಿದ್ದರೂ ಇಷ್ಟೇ ಆಗುತ್ತಿತ್ತು. ಆಮೇಲೆ ಒಂದೊಂದಾಗಿ ಎಲ್ಲ ಹೊರಬಂತು. ಗೊಬ್ಬರದ ನೀರು, ಬೆಳಗಿನ ಬಕೆಟ್, ಕೊನೆಗೆ ಸೇಜ್. ಸೇಜಿನ ಮಾತು ಬಂದಾಗ ಅತ್ತೆ ಮಗನ ಕಡೆ ತಿರುಗಿ, ಅಯ್ಯೋ, ಅದಕ್ಕೇ ಅದು ಅಷ್ಟು ದಿನ ಮುಖ ಸಿಂಡರಿಸಿಕೊಂಡಿತ್ತು ಎಂದರು.

ಅಕ್ಕ ಮೇಜಿನ ಮೇಲಿನ ಗಂಟುಗಳನ್ನು ಬಿಚ್ಚುತ್ತಿದ್ದಳು.

“ನೀರು ಹಾಕಿದ್ದಕ್ಕೆ ನನಗೆ ಸಿಟ್ಟಿಲ್ಲ. ಗೊಬ್ಬರಕ್ಕೂ ಇಲ್ಲ. ನನಗೆ ಗೊತ್ತಾಗಲ್ಲ ಅಂತ್ಲೇ ತಾನೇ ನಿಮ್ಮನ್ನ ಕೇಳ್ತಾ ಇದ್ದಿದ್ದು? ನಿಮಗಾದ್ರೂ ಮೂಗಿತ್ತಲ್ಲ.” ಇನ್ನೊಂದು ಗಂಟು ಬಿಚ್ಚಿ, “ಹತ್ತು ತಿಂಗಳು ನನ್ನ ಮೂಗಿಗೆ ತುಪ್ಪ ಸವರಿದ್ರಿ,” ಎಂದಳು. ನನ್ನ ಕಡೆ ನೋಡಿ, “ನೀನೂ,” ಎಂದಳು.

ಯಾವ ಸುದ್ದಿ ಓದಿದರೂ ಪುರಾವೆ ಎಲ್ಲಿ ಎಂದು ಕೇಳುವ ನಾನು ಸುಳ್ಳು ಸಾಕ್ಷಿ ಹೇಳಿದ್ದೆ. ಅದೂ ಅಳೆಯಲು ಬೇರೆ ಸಾಧನವೇ ಇಲ್ಲದವಳ ಮುಂದೆ.

ಅರ್ಜಿಗೆ ಅವತ್ತು ಸಹಿ ಬೀಳಲಿಲ್ಲ.

ಮರುದಿನ ಅವಳು ನರ್ಸರಿಗೆ ಹೋದಳು. ಕೊಬ್ಬಿದ ಗಿಡಗಳನ್ನು ಕತ್ತರಿಸಿ ಸರಿಮಾಡಲು ಬರುವುದಿಲ್ಲವೇ ಎಂದು ಕೇಳಿದಳು. ಹಸಿರು ಇರುವವರೆಗೆ ಮೂರನೆಯ ಒಂದು ಭಾಗ ಕತ್ತರಿಸಬಹುದು, ಕೆಳಗಿನ ಹಳೆಯ ಕಟ್ಟಿಗೆಗೆ ಕತ್ತರಿ ತಾಗಿಸಿದರೆ ಲ್ಯಾವೆಂಡರ್ ಮತ್ತೆ ಚಿಗುರುವುದಿಲ್ಲ. ಅದಲ್ಲದೆ ಆ ಮಣ್ಣಿನ ಸಾರ ಇಳಿಯಲು ಒಂದು ವರ್ಷವಾದರೂ ಬೇಕು ಎಂದ ಅವನು. ಒಂದು ವರ್ಷ ತನ್ನ ಬಳಿ ಇಲ್ಲವೆಂದಳು ಅಕ್ಕ. ಅವನು ಹಿಂದಿನ ಸಾಲಿಗೆ ಹೋಗಿ ಯಾರೂ ಕೊಳ್ಳದೆ ಉಳಿದ, ಸೀಳಿದ ಕುಂಡಗಳಲ್ಲಿ ಕೃಶವಾಗಿ ನಿಂತಿದ್ದ ಗಿಡಗಳನ್ನು ತಂದಿಟ್ಟ. ಆಮೇಲೆ ಅದೇ ಪ್ರಶ್ನೆ: ನೀರು ಹಾಕೋರು ಎಷ್ಟು ಜನ?

“ಮೂರು,” ಎಂದಳು ಅಕ್ಕ.

ಅವನು, ಹಾಗಿದ್ದರೆ ನೆಲದಲ್ಲಿ ನೆಡಬೇಡಿ, ಕೈಗೆ ಎಟುಕದ ಕಡೆ ಇಡಿ ಎಂದ.

ಕೈಗೆ ಎಟುಕದ ಜಾಗವನ್ನು ಮಾಡಿದವರು ಭಾವ. ಎರಡು ರಜಾದಿನ ಕೂತು, ಹಳೆಯ ರಾಟೆ, ಸರಪಳಿ ಮತ್ತು ಕಬ್ಬಿಣದ ಪಟ್ಟಿಗಳಿಂದ ಹಿತ್ತಲಿನ ಗೋಡೆಗೆ ಒಂದು ಚೌಕಟ್ಟನ್ನು ಜೋಡಿಸಿದರು. ಹಿಡಿಕೆ ತಿರುಗಿಸಿದರೆ ನಾಲ್ಕು ಮಣ್ಣಿನ ಕುಂಡಗಳು ಒಟ್ಟಿಗೆ ಗೋಡೆಯ ಮೇಲಿನ ಬಿಸಿಲಿಗೆ ಏರುತ್ತಿದ್ದವು. ಮಳೆ ಬಂದರೆ ಇಳಿದು ಸೂರಿನ ಅಡಿಗೆ ಸರಿಯುತ್ತಿದ್ದವು. ಸರಪಳಿಗೆ ಎಣ್ಣೆ ಹಾಕುವಾಗ, ಎಣ್ಣೆ ಹಾಕಬಹುದೋ ಇಲ್ಲವೋ ಎಂದು ಹೆಂಡತಿಯನ್ನು ಕೇಳಿ ಹಾಕಿದರು. ಹತ್ತು ತಿಂಗಳು ಕದ್ದು ನೀರು ಹಾಕಿದವರೇ ಈಗ ಮೋಡ ಕಂಡರೆ ಹಿಡಿಕೆಯ ಕಡೆ ಓಡುತ್ತಿದ್ದರು. ಒಮ್ಮೆ ಕುಂಡಗಳು ಅರ್ಧ ಇಳಿಯುವಷ್ಟರಲ್ಲೇ ಹನಿ ಬಿದ್ದು, ಅತ್ತೆ ಇದ್ದ ಒಂದೇ ಕೊಡೆಯನ್ನು ತೈಮ್‌ಗೆ ಹಿಡಿದು ತಾವು ತೊಯ್ದು ನಿಂತಿದ್ದನ್ನು ನಾನೇ ನೋಡಿದೆ. ಹಳೆಯ ರೋಸ್‌ಮರಿಯನ್ನು ಅಕ್ಕ ಕೀಳಲಿಲ್ಲ. ಅದು ನಿಮ್ಮದು, ಏನು ಬೇಕಾದರೂ ಹಾಕಿಕೊಳ್ಳಿ ಎಂದು ಅತ್ತೆಗೆ ಬಿಟ್ಟುಕೊಟ್ಟಳು.

ಅಭ್ಯಾಸದ ಕ್ರಮವೂ ಬದಲಾಯಿತು. ಹೇಗಿದೆ ಎಂದು ಕೇಳುವುದು ನಿಂತಿತು. ಮನೆಯಲ್ಲಿ ‘ಘಮ್’ ಎಂಬ ಪದಕ್ಕೇ ನಿಷೇಧ ಬಿತ್ತು. ಬೆಳಿಗ್ಗೆ ಸಂಜೆ ಅತ್ತೆ ಮೂರು ಗಂಟು ಕಟ್ಟುತ್ತಿದ್ದರು, ಎರಡು ಒಂದೇ, ಒಂದು ಬೇರೆ. ಯಾವುದು ಯಾವುದೆಂದು ತಮಗೆ ಮಾತ್ರ ತಿಳಿಯುವಂತೆ ದಾರದಲ್ಲಿ ಗುರುತು ಹಾಕಿ, ಅಕ್ಕ ಕಣ್ಣು ಮುಚ್ಚಿ ಆರಿಸಿದ ಮೇಲೆ ಸರಿ ಅಥವಾ ತಪ್ಪು ಎಂಬ ಒಂದೇ ಪದ ಹೇಳುತ್ತಿದ್ದರು. ಗಂಟು ಕಟ್ಟುವ ಮೊದಲು ಎಲೆಯಲ್ಲಿ ಸಾರವಿದೆಯೇ ಎಂದು ಪರೀಕ್ಷಿಸುವುದೂ ಅವರದೇ ಕೆಲಸ. ಆ ಮುದುಕಿಯ ಮೂಗು ಎಂಥದೆಂದು ನಮಗೆ ತಿಳಿದದ್ದು ಆಗ. ಬೆಳಗಿನ ಲ್ಯಾವೆಂಡರ್‌ಗೂ ಬಿಸಿಲು ಕುಡಿದ ಮಧ್ಯಾಹ್ನದ ಲ್ಯಾವೆಂಡರ್‌ಗೂ ಇರುವ ವ್ಯತ್ಯಾಸವನ್ನು ಆಕೆ ಕಣ್ಣು ಮುಚ್ಚಿ ಹೇಳುತ್ತಿದ್ದರು. ಹಾಗಾದರೆ ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಭಾವ ಕೆಣಕಿದರೆ, “ಕೇಳಿದ್ದು ಹೇಗಿದೆ ಅಂತ. ಇದೆಯಾ ಅಂತ ಯಾರಾದ್ರೂ ಕೇಳಿದ್ರೇನೋ?” ಎಂದು ಅವರ ಬಾಯಿ ಮುಚ್ಚಿಸಿದರು.

ಮೊದಲ ಆರು ವಾರ ಅಕ್ಕನ ಅಂಕ ಮೂರಕ್ಕೆ ಒಂದರ ಆಸುಪಾಸಿನಲ್ಲೇ ಇತ್ತು. ಅಂದರೆ ಊಹೆ. ಏಳನೆಯ ವಾರ ಒಂದು ಸಂಜೆ ಅವಳು ಗಂಟೊಂದನ್ನು ಮೂಗಿನಿಂದ ದೂರ ತಳ್ಳಿದಳು. ಸುಟ್ಟ ರಬ್ಬರಿನ ವಾಸನೆ ಎಂದಳು. ಗಂಟಿನೊಳಗೆ ಇದ್ದುದು ತೈಮ್. ಮೂಗು ಮರಳುವಾಗ ಹೀಗೆ ತಿರುಚಿಕೊಂಡು ಬರುವುದುಂಟೆಂದು ವೈದ್ಯರು ಮೊದಲೇ ಹೇಳಿದ್ದರು. ಹದಿನಾಲ್ಕು ತಿಂಗಳ ನಂತರ ಜಗತ್ತಿನಿಂದ ಬಂದ ಮೊದಲ ವಾಸನೆ ಸುಟ್ಟ ರಬ್ಬರಿನದು; ಅಕ್ಕ ಆ ಎಲೆಯನ್ನು ಬಿಸಾಡದೆ ಮತ್ತೆ ಮತ್ತೆ ಮೂಸಿ ಮುಖ ಕಿವಿಚುತ್ತಿದ್ದಳು. ಮುಂದಿನ ವಾರಗಳಲ್ಲಿ ರಬ್ಬರು ಹೊಗೆಯಾಯಿತು, ಹೊಗೆ ಯಾವುದೋ ಔಷಧವಾಯಿತು, ಔಷಧ ಮೆಲ್ಲಗೆ ತೈಮ್ ಆಯಿತು. ಮೂವತ್ತು ಸಲಕ್ಕೆ ಹತ್ತು ಸರಿ ಬರುತ್ತಿದ್ದದ್ದು ಹದಿನಾಲ್ಕಾಗಿ, ಹತ್ತೊಂಬತ್ತಾಗಿ, ಕೊನೆಗೆ ಇಪ್ಪತ್ತೆರಡಾಯಿತು.

ಇದು ಗಿಡಗಳಿಂದಾಯಿತೇ? ನನಗೆ ತಿಳಿಯದು. ಜ್ವರದಲ್ಲಿ ಮೂಗು ಹೋದವರಲ್ಲಿ ಹಲವರಿಗೆ ಏನೂ ಮಾಡದೆಯೂ ಒಂದೆರಡು ವರ್ಷದಲ್ಲಿ ಅಷ್ಟಿಷ್ಟು ಮರಳುತ್ತದೆ. ಒಬ್ಬಳೇ ಹೆಂಗಸು, ಹೋಲಿಸಲು ಇನ್ನೊಬ್ಬಳಿಲ್ಲ. ಗಿಡ ಬದಲಾದದ್ದೂ ನರ ಚಿಗುರಿದ್ದೂ ಒಂದೇ ಕಾಲದಲ್ಲಿ ಆಯಿತು ಎಂಬುದಕ್ಕಿಂತ ಹೆಚ್ಚನ್ನು ಹೇಳುವುದು ನ್ಯಾಯವಲ್ಲ. ಒಂದು ದಿನ ಎಲೆ ಬಿಡಿಸುತ್ತಾ ಅತ್ತೆ ನನ್ನನ್ನು ಕೇಳಿದರು. ಧ್ವನಿ ತಗ್ಗಿತ್ತು.

“ನಾವು ಹಾಳು ಮಾಡದೇ ಇದ್ದಿದ್ರೆ ಅವಳಿಗೆ ಮೊದ್ಲೇ ಬರ್ತಿತ್ತೇನಪ್ಪಾ?”

“ಗೊತ್ತಿಲ್ಲ ಅಮ್ಮಾ. ಬರಬಹುದಿತ್ತು. ಬರದೇನೂ ಇರಬಹುದಿತ್ತು.”

“ಅಷ್ಟೊಂದು ಓದಿ ಕಲ್ತಿದ್ದು ಇಷ್ಟೇನಾ?”

ಇಷ್ಟೇ ಎಂದೆ. ಅವರು ತಲೆಯಾಡಿಸಿ ಗಂಟು ಬಿಗಿದರು. ಸಮಾಧಾನದ ಮಾತೊಂದು ನಾಲಿಗೆಯ ತುದಿಗೆ ಬಂದಿತ್ತು. ಆ ಮನೆಯಲ್ಲಿ ಅಂಥದ್ದಕ್ಕೆ ಆಗ ಬೆಲೆಯಿರಲಿಲ್ಲ.

ಪರೀಕ್ಷೆಯ ದಿನ ಅಕ್ಕ ಬೆಳಿಗ್ಗೆ ಏನನ್ನೂ ಮೂಸಲಿಲ್ಲ. ಬರಿ ನೀರಿನಲ್ಲಿ ಮುಖ ತೊಳೆದು, ಸಾಬೂನು ಮುಟ್ಟದೆ, ಒಗೆದು ಬಿಸಿಲಿಗೆ ಹಾಕಿದ್ದ ಹತ್ತಿಯ ಸೀರೆ ಉಟ್ಟು ಹೊರಟಳು. ಬಿಳಿಕೋಣೆಯಲ್ಲಿ ಅವಳ ಕುರ್ಚಿ ಗೋಡೆಯ ಕಡೆಗೆ ಸರಿದಿತ್ತಂತೆ; ಮೊದಲಿದ್ದಲ್ಲಿಗೆ ಎಳೆದುಕೊಂಡು ಕೂತಳು. ಮುಖ್ಯ ರಸಾಯನಜ್ಞರು ಹನ್ನೆರಡು ಸೆಟ್ಟುಗಳನ್ನು ತಾವೇ ಅದ್ದಿ ತಂದರು. ಒಂದೊಂದರ ನಡುವೆ ಕಿಟಕಿಯ ಬಳಿ ಎರಡು ನಿಮಿಷ. ಒಂದೂಕಾಲು ಗಂಟೆ ಹಿಡಿಯಿತು. ಅವರು ಉತ್ತರದ ಹಾಳೆಯನ್ನು ತಾಳೆ ನೋಡಿ, ಇನ್ನೊಮ್ಮೆ ನೋಡಿ, ಏಳು ಎಂದರು.

ಹಾಳೆಯನ್ನು ಅಕ್ಕ ಕೇಳಿ ಪಡೆದು ಓದಿದಳು. ನಿಂಬೆ, ಗಿಡಮೂಲಿಕೆ, ಕರ್ಪೂರದ ಜಾತಿಯ ಆರೂ ಸೆಟ್ಟು ಸರಿಯಾಗಿದ್ದವು. ಮಲ್ಲಿಗೆ, ಗಂಧ, ಕಸ್ತೂರಿಯಂಥ ಸಿಹಿ ಮತ್ತು ಭಾರದ ವಾಸನೆಗಳಲ್ಲಿ ಆರಕ್ಕೆ ಒಂದು. ಆ ಒಂದನ್ನೂ ತಾನು ಊಹಿಸಿದ್ದೆಂದು ಅವಳೇ ಹೇಳಿದಳು. ರಸಾಯನಜ್ಞರು ಒಳ್ಳೆಯ ಮನುಷ್ಯ. ನಿಯಮದಲ್ಲಿ ಒಂದೇ ಪರೀಕ್ಷೆ ಎಂದಿದ್ದರೂ ನಾಳೆ ಇನ್ನೊಮ್ಮೆ ಕೂರಬಹುದು, ಹಾಳೆ ತಮ್ಮ ಬಳಿಯೇ ಇದೆ, ಏಳಕ್ಕೂ ಎಂಟಕ್ಕೂ ಎಷ್ಟು ದೂರ ಎಂದರು. ಎಂಟು ಬರುವವರೆಗೆ ಕೂತರೆ ಯಾರಿಗಾದರೂ ಎಂಟು ಬಂದೇ ಬರುತ್ತದೆ ಎಂದು ಅಕ್ಕ ಉತ್ತರಿಸಿದಳು. ಆಮೇಲೆ ಗಂಧದ ಸಾಬೂನು ತನ್ನ ಮುಂದೆ ಬಂದರೆ ತಾನು ಏನು ಮಾಡಬೇಕು ಎಂದೂ ಕೇಳಿದಳು. ಪ್ಯಾಕಿಂಗಿನ ಅರ್ಜಿಗೆ ಅಲ್ಲಿಯೇ ಸಹಿ ಹಾಕಿ, ಕುರ್ಚಿಯನ್ನು ಗೋಡೆಯ ಕಡೆ ಸರಿಸಿ ಬಂದಳು.

ಅವಳು ಮನೆಗೆ ಬಂದಾಗ ಸಂಜೆ ಐದೂವರೆ. ಭಾವ ಅರ್ಧ ದಿನ ರಜೆ ಹಾಕಿ ಹಿಡಿಕೆಯ ಬಳಿ ಸುಮ್ಮನೆ ನಿಂತಿದ್ದರು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಅತ್ತೆ ಹೊಸ್ತಿಲ ಮೇಲೆ ಕೂತಿದ್ದರು. ನಾನು ಒಳಗೆ ಮೇಜಿನ ಬಳಿ ಇದ್ದೆ.

“ಏಳು,” ಎಂದಳು ಅಕ್ಕ.

ಭಾವ ಬಾಯಿ ತೆರೆದರು. ಏಳೆಂದರೂ ಕಡಿಮೆಯಲ್ಲ, ಎಲ್ಲಿಂದ ಎಲ್ಲಿಗೆ ಬಂತಲ್ಲ ಎಂಬಂಥ ಮಾತು ಅವರ ಮುಖದಲ್ಲಿ ಆಗಲೇ ಮೂಡಿತ್ತು. ಅದನ್ನು ಅವರು ನುಂಗಿಕೊಂಡರು. ನನ್ನಲ್ಲಿಯೂ ಅಂಥದೇ ಒಂದು ಮಾತು ಸಿದ್ಧವಾಗಿತ್ತು, ಅಂಕಿ ಅಂಶ ಸಮೇತ. ನಾನೂ ಸುಮ್ಮನಿದ್ದೆ.

ಅತ್ತೆ ಸೊಸೆಯ ಮುಖವನ್ನೇ ನೋಡುತ್ತಿದ್ದರು.

“ಸಾಲದು,” ಎಂದರು.

“ಹೌದತ್ತೆ, ಸಾಲದು,” ಎಂದಳು ಅಕ್ಕ. ಚಪ್ಪಲಿ ಬಿಟ್ಟು, ಹೊಸ್ತಿಲ ಮೇಲೆ ಅವರು ಸರಿದುಕೊಟ್ಟ ಜಾಗದಲ್ಲಿ ಕೂತಳು. ಮುಖ ಬಾಡಿತ್ತು. ಆದರೆ ನಾವು ಯಾರೂ ಚೆನ್ನಾಗಿದೆ ಎನ್ನಬೇಕಾಗಿರಲಿಲ್ಲ, ಅವಳೂ ಹೇಗಿದೆ ಎಂದು ಕೇಳಲಿಲ್ಲ.